ಹತ್ತು ಸಿಲಿಂಡರಿನ ಚಿತ್ರಾನ್ನ

ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರನ್ನು ಸಾರಿನ ಪುಡಿ ಯಾವುದು ಒಳ್ಳೆಯದೆಂದು ಕೇಳಿ. ಮನೆಯವಳನ್ನು ವಿಚಾರಿಸಿ ಹೇಳ್ತೀನಿ ಅನ್ನುತ್ತಾರೆ. ವ್ಯಾನಿಗೆ ಎಂಜಿನ್ ಯಾವುದು ಒಳ್ಳೆಯದೆಂದು ಮಾತ್ರ ಕೇಳಬೇಡಿ. ಇಲ್ಲಿ ಯಾರ ಮನೆಯ ಗಂಟೆ ಒತ್ತಿದರೂ ಬಾಗಿಲು ತೆಗೆಯುವುದು ಆಟೋಮೊಬೈಲ್ ಎಂಜಿನಿಯರೇ. ಒಬ್ಬರು ಇಪ್ಪತ್ತು ವರ್ಷ ಪಿಸ್ಟನ್ನಿನ ಉಂಗುರವನ್ನಷ್ಟೇ ನೋಡಿದವರು. ಇನ್ನೊಬ್ಬರು ಗೇರ್‌ಬಾಕ್ಸಿನ ಎಣ್ಣೆಯ ಮೇಲೆ ಪಿಎಚ್‌ಡಿ ಮಾಡಿದವರು. ಮತ್ತೊಬ್ಬರು ಬಾಗಿಲ ಹಿಡಿಕೆಯ ವಿಭಾಗದವರು. ಎಂಜಿನ್ ವಿಷಯಕ್ಕೆ ಬಂದರೆ ಈ ಹಿಡಿಕೆಯವರ ಅಭಿಪ್ರಾಯವೇ ಎಲ್ಲರಿಗಿಂತ ಗಟ್ಟಿ.

ನಾನು ಈ ಕುಲದವನಲ್ಲ, ಸಾಫ್ಟ್‌ವೇರಿನವನು. ಕಂಪನಿಯವರು ಖರ್ಚು ತಗ್ಗಿಸಲು ಕೂತಾಗ ಮೊದಲು ತಗ್ಗಿದವನು ನಾನು. ಅಷ್ಟರಲ್ಲಿ ಹೆಂಡತಿ ಹವ್ಯಾಸಕ್ಕೆಂದು ಹಿಡಿಯುತ್ತಿದ್ದ ಅಡುಗೆಯ ಆರ್ಡರುಗಳು ಮನೆ ನಡೆಸುವ ಮಟ್ಟಕ್ಕೆ ಬೆಳೆದಿದ್ದವು. ಅಡುಗೆ ಅವಳದು, ಸಾಗಾಟ ನನ್ನದು ಎಂದಾಯಿತು. ಅಲ್ಲಿಯವರೆಗೆ ಊಟವೆಲ್ಲ ಹೋಗುತ್ತಿದ್ದದ್ದು ಅವಳ ಮಿನಿವ್ಯಾನಿನ ಹಿಂದಿನ ಸೀಟು ಮಡಚಿದ ಜಾಗದಲ್ಲಿ. ಒಂದು ದಿನ ನಾನು ಬ್ರೇಕು ಒತ್ತಿದ ರಭಸಕ್ಕೆ ಬಿಸಿಬೇಳೆಬಾತಿನ ಟ್ರೇ ಮಗುಚಿ ಕಾರ್ಪೆಟ್ಟು ಮನಸಾರೆ ತುಪ್ಪ ಕುಡಿಯಿತು. ಅವಳು ಬಾಯಿ ತೆರೆಯುವ ಮೊದಲೇ ನಾನು ಘೋಷಿಸಿದೆ: "ಇನ್ನು ನಮಗೆ ಸರಿಯಾದ ವ್ಯಾನ್ ಬೇಕು. ಫುಲ್ ಸೈಜ್. ಪ್ಲಂಬರು, ಎಲೆಕ್ಟ್ರಿಷಿಯನ್ನು ಇಟ್ಕೊಳ್ತಾರಲ್ಲ, ಅಂಥದ್ದು."

"ನಾವು ಹೊರೋದು ಸಾರು ಕಣ್ರೀ, ಸಿಮೆಂಟಲ್ಲ," ಅಂದಳು.

ಅದು ಟಾರ್ಕಿನ ಗಂಧಗಾಳಿಯಿಲ್ಲದವರ ಮಾತೆಂದು ಬಿಟ್ಟುಬಿಟ್ಟೆ. ನನಗೂ ಟಾರ್ಕ್ ಪದ ಪರಿಚಯವಾಗಿ ಆಗ ಒಂದು ವಾರವಾಗಿತ್ತು.

ಆ ಕಾಲಕ್ಕೆ ಈಗಿನ ಎತ್ತರದ ಟ್ರಾನ್ಸಿಟ್ ವ್ಯಾನು ಅಮೆರಿಕಕ್ಕೆ ಬಂದಿರಲಿಲ್ಲ. ಕೆಲಸದ ವ್ಯಾನೆಂದರೆ ಹೆಚ್ಚಾಗಿ ಷೆವರ್ಲೆ ಎಕ್ಸ್‌ಪ್ರೆಸ್, ಇಲ್ಲವೇ ಫೋರ್ಡಿನವರ ಈ-ಸೀರೀಸ್. ಈ ಎರಡನೆಯದರ ವಂಶ 1961ರ ಎಕೊನೊಲೈನಿನಿಂದ ಶುರು. ಆ ಮೂಲಪುರುಷನಿಗೆ ಇದ್ದದ್ದು 2.4 ಲೀಟರಿನ ಎಂಜಿನ್, 85 ಕುದುರೆಗಳ ಬಲ. ಅಮೆರಿಕದ ಬ್ರೆಡ್ಡು, ಹಾಲು, ನಲ್ಲಿ ಪೈಪುಗಳನ್ನು ಅದು ಸುಖವಾಗಿಯೇ ಹೊತ್ತಿತು. ಮೊಮ್ಮಕ್ಕಳ ಕಾಲಕ್ಕೆ ಆಯ್ಕೆ ಹೆಚ್ಚಿ ಒಂದೇ ಮೈಕಟ್ಟಿನ ವ್ಯಾನಿಗೆ 4.6 ಲೀಟರಿನ ವಿ-8, 5.4 ಲೀಟರಿನ ವಿ-8, 6.8 ಲೀಟರಿನ ವಿ-10 ಎಂದಾಗಿತ್ತು. ಹೊರಗಿನಿಂದ ನೋಡಿದರೆ ಮೂರೂ ಬಿಳಿ ಡಬ್ಬಗಳೇ. ಕಾರಿಗಾದರೆ ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಗಾಜಿನ ಮೇಲೆ ಸರ್ಕಾರಿ ಚೀಟಿ ಇರುತ್ತದೆ. ಹೊರೆಸಮೇತ ಒಟ್ಟು ತೂಕದ ಮಿತಿ 8,500 ಪೌಂಡು ದಾಟಿದ ಸರಕು ವ್ಯಾನಿಗೆ ಆ ಚೀಟಿ ಕಡ್ಡಾಯವಿಲ್ಲ. ತಿನ್ನುವವನ ಹೊಟ್ಟೆಯ ಅಳತೆಯನ್ನು ಕೊಳ್ಳುವವನೇ ಊಹಿಸಿಕೊಳ್ಳಬೇಕು.

ಊಹಿಸುವ ಬದಲು ನಾನು ರಾಜ್ಯೋತ್ಸವದ ಊಟದ ಸಾಲಿನಲ್ಲಿ ವಿಷಯ ಎತ್ತಿದೆ.

"4.6 ಧಾರಾಳ," ಅಂದರು ಪಿಸ್ಟನ್ ಶೆಟ್ಟರು. "225 ಹಾರ್ಸ್‌ಪವರ್. ನ್ಯೂಯಾರ್ಕಿನ ಹಳದಿ ಟ್ಯಾಕ್ಸಿ, ಪೊಲೀಸರ ಕ್ರೌನ್ ವಿಕ್ಟೋರಿಯಾ, ಎಲ್ಲಕ್ಕೂ ಅದೇ ಮನೆತನದ ಎಂಜಿನ್ನು. ಸಾಯೋದೇ ಇಲ್ಲ."

"ಟ್ಯಾಕ್ಸಿ ಹೊರೋದು ಮನುಷ್ಯರನ್ನ," ಅಂತ ಗೇರ್‌ಬಾಕ್ಸ್ ರಾಯರು ಅಡ್ಡ ಬಂದರು. "ಹೊರೆ ಹಾಕಿದ ವ್ಯಾನಿಗೆ ಚಿಕ್ಕ ಎಂಜಿನ್ ಕೊಟ್ಟರೆ ಸದಾ ಗೇರು ಇಳಿಸಿ ಕಿರುಚಿಕೊಂಡೇ ಓಡುತ್ತೆ. ಪೆಟ್ರೋಲೂ ಉಳಿಯೋಲ್ಲ, ಪ್ರಾಣಾನೂ ಉಳಿಯೋಲ್ಲ. 5.4 ತಗೋಪ್ಪ, 350 ಪೌಂಡ್-ಅಡಿ ಟಾರ್ಕು."

ಡೀಸೆಲ್ ಗೌಡರಿಗೆ ಇಬ್ಬರ ಮೇಲೂ ಕನಿಕರ ಬಂತು. ಎಲ್ಲಾದರೂ ಹುಡುಕಿ 7.3 ಲೀಟರಿನ ಹಳೇ ಡೀಸೆಲ್ ಹಿಡಿ, ಮೊಮ್ಮಕ್ಕಳಿಗೂ ಆಗುತ್ತೆ ಅಂದರು. ಮಿಷಿಗನ್ನಿನ ಚಳಿಯಲ್ಲಿ ಅದಕ್ಕೆ ರಾತ್ರಿಯಿಡೀ ಪ್ಲಗ್ಗು ಸಿಕ್ಕಿಸಿ ಎಂಜಿನ್ ಬೆಚ್ಚಗಿಡಬೇಕಲ್ಲ ಎಂದರೆ, "ಹಸು ಕಟ್ಟಿದವರು ಕೊಟ್ಟಿಗೆಗೆ ಹೆದರ್ತಾರೇನಪ್ಪ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಸು ಇರಲಿಲ್ಲವಾದ್ದರಿಂದ ಉತ್ತರ ಹೊಳೆಯಲಿಲ್ಲ.

ಆಗ ಬಾಗಿಲ ಹಿಡಿಕೆಯವರು ತಟ್ಟೆ ಕೆಳಗಿಟ್ಟು ಅಪ್ಪಣೆ ಕೊಟ್ಟರು: "ತಗೊಳ್ಳೋದಾದ್ರೆ ದೊಡ್ಡದೇ ತಗೋ. ವಿ-10. ಡಿಸ್‌ಪ್ಲೇಸ್‌ಮೆಂಟಿಗೆ ರಿಪ್ಲೇಸ್‌ಮೆಂಟೇ ಇಲ್ಲ ಅಂತ ಇಲ್ಲಿಯವರೇ ಹೇಳ್ತಾರೆ." 305 ಕುದುರೆ, 420 ಪೌಂಡ್-ಅಡಿ ಟಾರ್ಕ್, ಸುಮಾರು 10,000 ಪೌಂಡಿನ ಟ್ರೇಲರನ್ನು ಎಳೆಯುವ ತಾಕತ್ತು. ಆ ಸಾಲಿನಲ್ಲಿ ಪ್ರಾಸವಿಟ್ಟು ಮಾತಾಡಿದ್ದು ಅವರೊಬ್ಬರೇ. ನಾನು ಅಲ್ಲೇ ಸೋತೆ.

ಮೊಸರನ್ನದ ಹತ್ತಿರ ನಿಂತಿದ್ದ ಆಕ್ಸಲ್ ಅಯ್ಯಂಗಾರ್ಯರು ಮೆಲ್ಲಗೆ ಒಂದು ಪ್ರಶ್ನೆ ಹಾಕಿದರು. "ಹೊರೆ ಎಷ್ಟು?" ಯಾರೂ ತಿರುಗದ್ದರಿಂದ ಮುಂದುವರಿಸಿದರು: ಎಂಜಿನ್ ಎಷ್ಟೇ ಇರಲಿ, ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕ ನೋಡಬೇಕು. 3.73 ಎಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟು 3.73 ಸುತ್ತು ತಿರುಗಬೇಕು. 4.10 ಆದರೆ ಎಳೆತ ಇನ್ನೂ ಜಾಸ್ತಿ, ಹೆದ್ದಾರಿಯಲ್ಲಿ ಎಂಜಿನ್ನಿಗೆ ಓಟವೂ ಜಾಸ್ತಿ. ಚಿಕ್ಕ ಎಂಜಿನ್ನಿಗೆ ಸರಿಯಾದ ಆಕ್ಸಲ್ ಕೂಡಿಸಿದರೆ ದೊಡ್ಡದರ ಅರ್ಧ ಕೆಲಸ ಅದೇ ಮಾಡುತ್ತದೆ. "ಮತ್ತೆ ದೊಡ್ಡ ಎಂಜಿನ್ನೇ ಭಾರ. ಹೊರೋ ತೂಕದಲ್ಲಿ ಮೊದಲ ಪಾಲು ಅದೇ ನುಂಗಿಬಿಡುತ್ತೆ..." ಅನ್ನುವಷ್ಟರಲ್ಲಿ ಒಬ್ಬಟ್ಟಿನ ಟ್ರೇ ಬಂತು. ವಿಜ್ಞಾನ ಅಲ್ಲಿಗೆ ನಿಂತಿತು.

ನಾನು ವಿ-10ಕ್ಕೆ ಬಿದ್ದದ್ದು ಪ್ರಾಸಕ್ಕಾಗಿ ಮಾತ್ರ ಎಂದರೆ ಅನ್ಯಾಯವಾದೀತು. ನಾನು ಸಕಲೇಶಪುರದವನು. ಶಿರಾಡಿ ಘಾಟಿಯಲ್ಲಿ ತುಂಬಿದ ಲಾರಿಗಳು ಮೊದಲನೇ ಗೇರಿನಲ್ಲಿ ನರಳುತ್ತ ಹತ್ತುವುದನ್ನೂ, ಕ್ಲೀನರ್ ಹುಡುಗ ಗಾಲಿಯ ಹಿಂದೆ ಇಡಲು ಕಲ್ಲು ಹಿಡಿದು ಜೊತೆಗೇ ಓಡುವುದನ್ನೂ ನೋಡುತ್ತ ಬೆಳೆದವನು. ಹೊರೆ ಅಂದರೆ ಘಾಟಿ, ಘಾಟಿ ಅಂದರೆ ಎಂಜಿನ್ ಎಂದು ನನ್ನ ರಕ್ತದಲ್ಲೇ ಬರೆದಿದೆ. ಆಗ್ನೇಯ ಮಿಷಿಗನ್ನನ್ನು ಹಿಮನದಿಗಳು ಉಜ್ಜಿ ಚಪ್ಪಟೆ ಮಾಡಿ ಹೋಗಿವೆ, ಇಲ್ಲಿ ಫ್ಲೈಓವರೇ ಪರ್ವತ ಎಂಬ ಭೂಗೋಳ ಆ ರಕ್ತಕ್ಕೆ ಗೊತ್ತಿರಲಿಲ್ಲ. ಹೆಂಡತಿ ನೆನಪಿಸಿದಾಗ ನನ್ನ ಹತ್ತಿರ ಉತ್ತರ ತಯಾರಿತ್ತು: "ಪಿಟ್ಸ್‌ಬರ್ಗಿನ ವೆಂಕಟರಮಣನ ದೇವಸ್ಥಾನ ಗುಡ್ಡದ ಮೇಲಿದೆ. ಅಲ್ಲಿಂದ ಆರ್ಡರ್ ಬಂದರೆ?" ಪಿಟ್ಸ್‌ಬರ್ಗ್ ಇರುವುದು ಪಕ್ಕದ ರಾಜ್ಯದಲ್ಲೂ ಅಲ್ಲ, ಅದರ ಆಚೆಯದರಲ್ಲಿ.

ಬಂತು ವ್ಯಾನು. ಈ-350, ಬಿಳಿ, ಯಾರೋ ಕಾಂಟ್ರಾಕ್ಟರು ಚೆನ್ನಾಗಿಯೇ ನೋಡಿಕೊಂಡಿದ್ದದ್ದು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆ ವ್ಯಾನಿನದು ಎಳ್ಳಷ್ಟೂ ತಪ್ಪಿರಲಿಲ್ಲ. ಅದು ಕಬ್ಬಿಣದ ತೊಲೆ, ಕಲ್ಲು, ಟ್ರೇಲರಿನ ಮೇಲೆ ಟ್ರ್ಯಾಕ್ಟರು ಇಂಥದ್ದನ್ನೆಲ್ಲ ನಿರೀಕ್ಷಿಸಿ ಹುಟ್ಟಿದ ಪ್ರಾಣಿ. ಅದರ ಬೆನ್ನಿಗೆ ನಾನು ಹೇರಿದ್ದು ಚಿತ್ರಾನ್ನ.

ಈ ವ್ಯಾನುಗಳಲ್ಲಿ ಎಂಜಿನ್ ಅರ್ಧ ಮೂತಿಯಲ್ಲಿ, ಅರ್ಧ ಒಳಗೆ ಎರಡು ಸೀಟುಗಳ ನಡುವೆ ಕೂತಿರುತ್ತದೆ, ಮೇಲೊಂದು ದಪ್ಪ ಮುಚ್ಚಳ. ಹಳೇ ಕೆಂಪು ಬಸ್ಸಿನಲ್ಲಿ ಸೀಟು ಸಿಗದೆ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಹಾಸನದಿಂದ ಊರಿಗೆ ಹೋದವರಿಗೆ ಆ ಶಾಖದ ಪರಿಚಯ ಇದ್ದೇ ಇರುತ್ತದೆ. ನನ್ನ ಬಲ ಮೊಣಕಾಲು ಬೇಸಿಗೆಯಲ್ಲೇ ಇದ್ದರೆ ಎಡ ಮೊಣಕಾಲು ಮಿಷಿಗನ್ನಿನಲ್ಲಿತ್ತು. ಹೆಂಡತಿ ಮಾತ್ರ ಆ ಮುಚ್ಚಳವನ್ನು ನೋಡಿದ ಮೊದಲ ದಿನವೇ ಅದರ ಮೇಲೆ ಪಾಯಸದ ಡಬ್ಬ ಇಟ್ಟಳು. "ಇದೊಂದು ಕೆಲಸಕ್ಕೆ ಬಂತು," ಅಂದಳು. ಅಮೆರಿಕದ ಎಂಜಿನ್ ತಂತ್ರಜ್ಞಾನಕ್ಕೆ ಅವಳು ಕೊಟ್ಟ ಏಕೈಕ ಪ್ರಶಸ್ತಿ ಅದು.

ಮೊದಲ ಸಲ ಟ್ಯಾಂಕು ತುಂಬಿಸಲು ಹೋದೆ. 35 ಗ್ಯಾಲನ್, ನಮ್ಮ ಲೆಕ್ಕದಲ್ಲಿ 132 ಲೀಟರು. ಪಂಪು ನೂರು ಡಾಲರಿಗೆ ಗಕ್ಕನೆ ನಿಂತಿತು. ಕೆಟ್ಟಿದೆಯೇನೋ ಎಂದು ಒಳಗೆ ಹೋಗಿ ಕೇಳಿದರೆ ಕೌಂಟರಿನ ಹುಡುಗ, "ಕಾರ್ಡಿಗೆ ಒಂದು ಸಲಕ್ಕೆ ಅಷ್ಟೇ ಮಿತಿ ಸಾರ್. ಇನ್ನೂ ಬೇಕಿದ್ರೆ ಇನ್ನೊಂದು ಸಲ ಉಜ್ಜಿ," ಅಂದ. ಕಳ್ಳರು ಕಾರ್ಡು ಕದ್ದು ತುಂಬಿಸಿಕೊಳ್ಳದಂತೆ ಮಾಡಿದ ವ್ಯವಸ್ಥೆಯಂತೆ. ನನ್ನ ಕಾರ್ಡಿನಿಂದ ನಾನೇ ಕದಿಯುತ್ತಿದ್ದೇನೆ ಅನ್ನಿಸಿತು, ಆದರೂ ಇನ್ನೊಂದು ಸಲ ಉಜ್ಜಿದೆ. ಗ್ಯಾಲನ್ನಿಗೆ ಹತ್ತು ಮೈಲಿ, ಅದೂ ಎದುರುಗಾಳಿ ಇಲ್ಲದಾಗ. ಬಂಡಿ ಅನ್ನ ಸಾಗಿಸಲು ಹೋಗಿ ಬಂಡಿಯ ಜಾಗದಲ್ಲಿ ಬಕಾಸುರನನ್ನೇ ಕಟ್ಟಿಕೊಂಡಿದ್ದೆ.

ಊರಿಗೆ ಫೋನು ಮಾಡಿದಾಗ ಭಾವನ ಹತ್ತಿರ ಸ್ವಲ್ಪ ಜಂಭ ಕೊಚ್ಚಿಕೊಳ್ಳುವ ಆಸೆ ಇತ್ತು. ಭಾವ ಊರಿನಲ್ಲಿ ಶಾಮಿಯಾನ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಾನೆ. ಅವನದು ಟಾಟಾ ಏಸ್.

"ಎಷ್ಟು ಸಿಸಿ ಭಾವ?" ಅಂದ.

"ಆರು ಸಾವಿರದ ಎಂಟುನೂರು."

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅಲ್ಲೇನ್ ಭಾವ, ಜಲ್ಲಿ ಹೊಡೀತಾ ಇದ್ದೀರಾ?"

"ಇಲ್ಲ, ಊಟ."

"ಎಷ್ಟು ಜನಕ್ಕೆ?"

"ಇನ್ನೂರು."

ಆಮೇಲೆ ಅವನು ತನ್ನ ಲೆಕ್ಕ ಹೇಳಿದ. 2005ರಲ್ಲಿ ಬಂದ ಮೊದಲ ಏಸ್, 702 ಸಿಸಿ, ಎರಡೇ ಸಿಲಿಂಡರು, 16 ಕುದುರೆ. ಕಂಪನಿಯವರು ಬರೆದ ಹೊರೆ 750 ಕಿಲೋ. ಭಾವ ಹಾಕುವ ಹೊರೆ ಅವನಿಗೂ ದೇವರಿಗೂ ಬಿಟ್ಟದ್ದು. ಅದರಲ್ಲೇ ಸಾವಿರ ಜನರ ಮದುವೆಯ ಕೊಪ್ಪರಿಗೆ, ಒಲೆ, ಕುರ್ಚಿ ಹೇರಿಕೊಂಡು ಬಿಸಿಲೆ ಕಡೆಯ ಏರಿಗೂ ಹೋಗಿ ಬರುತ್ತಾನೆ. ಫೋನಿಟ್ಟ ಮೇಲೆ ಕಾಗದದ ಮೇಲೆ ಭಾಗಾಕಾರ ಮಾಡಿದೆ. ನನ್ನ ಎಂಜಿನ್ನಿನ ಒಂದೊಂದು ಸಿಲಿಂಡರು 680 ಸಿಸಿ. ಅಂದರೆ ಭಾವನ ಇಡೀ ಎಂಜಿನ್ನಿಗೆ ಹತ್ತಿರ ಹತ್ತಿರ. ನಾನು ಹೆಚ್ಚುಕಡಿಮೆ ಹತ್ತು ಟಾಟಾ ಏಸ್‌ಗಳನ್ನು ಒಟ್ಟಿಗೆ ಸ್ಟಾರ್ಟ್ ಮಾಡಿ ಒಂದು ಪಾತ್ರೆ ಗೊಜ್ಜವಲಕ್ಕಿ ತಲುಪಿಸುತ್ತಿದ್ದೆ. ಕಾಗದವನ್ನು ಹೆಂಡತಿಗೆ ಸಿಗದ ಕಡೆ ಇಟ್ಟೆ.

ಪಿಟ್ಸ್‌ಬರ್ಗಿಗೂ ಹೋದೆವು. ಆರ್ಡರ್ ಬಂದಿರಲಿಲ್ಲ, ನಾನೇ ನೆಪ ಮಾಡಿ ಹೊರಡಿಸಿದ್ದು. ಒಹಾಯೊ ಟರ್ನ್‌ಪೈಕಿನಲ್ಲಿ ಏರು ಎಂಬುದೇ ಇಲ್ಲ, ಜೋಳದ ಹೊಲಗಳು. ದೇವಸ್ಥಾನವಿರುವ ಪೆನ್ ಹಿಲ್ಸ್ ತಲುಪಿದ ಮೇಲೆ ಗುಡ್ಡ ಸಿಕ್ಕಿತು. 1970ರ ದಶಕದಲ್ಲಿ ಪ್ರತಿಷ್ಠಾಪನೆಯಾದ ಆ ದೇವಸ್ಥಾನಕ್ಕೆ ಹತ್ತುವ ದಾರಿಯಲ್ಲಿ ನನ್ನ 305 ಕುದುರೆಗಳು ಘನಗಾಂಭೀರ್ಯದಿಂದ ಹೆಜ್ಜೆ ಹಾಕಿದವು, ಹಿಂದೆ ಹೊರೆ ಎಂದರೆ ನಮ್ಮ ಪುಳಿಯೋಗರೆಯ ಒಂದು ಡಬ್ಬ. ಸಾರ್ಥಕವಾಯಿತು ಎಂದು ಕಣ್ಣು ತುಂಬಿ ಬರುವಷ್ಟರಲ್ಲಿ, ನಾಲ್ಕು ಅಜ್ಜಿಯರನ್ನು ತುಂಬಿಕೊಂಡ ಒಂದು ಪುಟ್ಟ ಕಾರು ನಮ್ಮ ಬೆನ್ನಿಗೇ ಅಷ್ಟೇ ವೇಗದಲ್ಲಿ ಹತ್ತಿ ಬಂದು, ನನ್ನ ನಿಧಾನಕ್ಕೆ ಬೇಸರಪಟ್ಟು ಹಾರ್ನ್ ಮಾಡಿತು. ಅದೇ ಪಿಟ್ಸ್‌ಬರ್ಗಿನಲ್ಲಿ ಕ್ಯಾಂಟನ್ ಅವೆನ್ಯೂ ಎಂಬ ರಸ್ತೆ ಇದೆ, ಇಳಿಜಾರು ಶೇ. 37. ಅಲ್ಲಿಗೆ ಹೋಗಿ ನೋಡೋಣವೇ ಎಂದೆ. ಹೆಂಡತಿ ಪುಳಿಯೋಗರೆಯ ಡಬ್ಬದ ಮುಚ್ಚಳ ಹಾಕಿದ ಸದ್ದಿನಲ್ಲೇ ಉತ್ತರವಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಮಾನ ಉಳಿಯುತ್ತಿತ್ತು. ಚಳಿಗಾಲ ಬಂತು.

ಪುರಂದರದಾಸರ ಆರಾಧನೆ ಪುಷ್ಯ ಮಾಸದ ಅಮಾವಾಸ್ಯೆಗೆ ಬೀಳುತ್ತದೆ, ಮಿಷಿಗನ್ನಿನಲ್ಲಿ ಅದು ಹಿಮ ಅಗೆಯುವ ಕಾಲ. ಇಲ್ಲಿನ ದೇವಸ್ಥಾನದ ಸಭಾಂಗಣದ ಹಿಂದೆ ಸ್ವಲ್ಪವೇ ಇಳಿಜಾರಾದ ಜಾಗದಲ್ಲಿ ವ್ಯಾನು ನಿಲ್ಲಿಸಿ ಊಟವೆಲ್ಲ ಇಳಿಸಿದೆವು. ಗೋಷ್ಠಿಗಾಯನ, ಊಟ ಎಲ್ಲ ಸಾಂಗವಾಗಿ ಮುಗಿದು, ಮನೆಯಲ್ಲೇ ಹಾಡುವವರ ಭಜನೆ ನಡೆದಿತ್ತು. ಖಾಲಿ ಪಾತ್ರೆ ತುಂಬಿಕೊಂಡು ಹೊರಡೋಣವೆಂದು ಆಕ್ಸಿಲರೇಟರ್ ಒತ್ತಿದೆ. ಹತ್ತು ಸಿಲಿಂಡರುಗಳು ಘರ್ಜಿಸಿದವು, ಹಿಂದಿನ ಬಲ ಚಕ್ರ ಗಿರಗಿರನೆ ತಿರುಗಿತು, ವ್ಯಾನು ಇದ್ದಲ್ಲೇ ಇತ್ತು. ಇನ್ನೂ ಒತ್ತಿದೆ. ಭಜನೆ ನಿಂತಿತು.

ಕಾರಣ ಬಹಳ ಸರಳ. ಎಂಜಿನ್ನಿನ ಭಾರವೆಲ್ಲ ಮುಂದೆ, ತಿರುಗುವ ಚಕ್ರ ಹಿಂದೆ, ಆ ಹಿಂಭಾಗದಲ್ಲಿ ಈಗ ಹೊರೆ ಇಲ್ಲ. ಹಿಡಿತವಿಲ್ಲದ ಚಕ್ರಕ್ಕೆ ಟಾರ್ಕು ಎಷ್ಟು ಕೊಟ್ಟರೂ ಅದು ಹಿಮವನ್ನು ಅರೆಯುತ್ತದೆ ಅಷ್ಟೆ. ಡಿಫರೆನ್ಷಿಯಲ್ ಮಾಮೂಲಿಯದಾದರೆ ಜಾರುವ ಚಕ್ರವೇ ಸುತ್ತುತ್ತ ಇರುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ತಮಾಷೆ ನೋಡುತ್ತದೆ. ಹಳ್ಳಿಯ ಎತ್ತಿನಗಾಡಿಯವನಿಗೂ ತಿಳಿಯುವ ವಿಷಯ ಇದು. ನನಗೆ ಮಾತ್ರ ಅರ್ಧ ತಾಸು ಹಿಡಿಯಿತು.

ಅಷ್ಟರಲ್ಲಿ ಸಲಹೆಗಾರರ ಮಂಡಳಿ ಶಾಲು ಹೊದ್ದು ಹೊರಗೆ ಬಂದಿತ್ತು. "ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಪ್ಪಾ," ಅಂದರು ಶೆಟ್ಟರು. ಆಡಿಸಿದೆ, ಗುಂಡಿ ಆಳವಾಯಿತು. "ಎರಡನೇ ಗೇರಿಗೆ ಹಾಕಿ ಮೆಲ್ಲಗೆ ಎಬ್ಬಿಸು," ಅಂದರು ರಾಯರು. ಎಬ್ಬಿಸಿದೆ, ಗುಂಡಿ ಮೆಲ್ಲಗೆ ಆಳವಾಯಿತು. ಡೀಸೆಲ್ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಗೌಡರು ಆಕಾಶಕ್ಕೆ ಹೇಳಿದರು. ಬಾಗಿಲ ಹಿಡಿಕೆಯವರು ನನ್ನ ಬಾಗಿಲಿನ ಹಿಡಿಕೆಯನ್ನು ಎಳೆದು ನೋಡಿ ಚೆನ್ನಾಗಿದೆ ಅಂದರು.

ಇಲ್ಲಿಯವರು ಟೈರಿನಡಿ ಮರಳೋ, ಬೆಕ್ಕಿನ ಪೆಟ್ಟಿಗೆಗೆ ಹಾಕುವ ಹರಳೋ ಚೆಲ್ಲುತ್ತಾರೆ. ನಮ್ಮ ಹತ್ತಿರ ಬೆಕ್ಕಿರಲಿಲ್ಲ. ಪಾಕಶಾಲೆಯ ಉಪ್ಪು ತಂದು ಚೆಲ್ಲಿದೆವು, ಸಾಲಲಿಲ್ಲ. ಆಗ ನನ್ನ ಬುದ್ಧಿಗೆ ವ್ಯಾನಿನ ಮೂಲೆಯಲ್ಲಿದ್ದ ರಾಗಿ ಹಿಟ್ಟಿನ ಚೀಲಗಳು ಹೊಳೆದವು, ಮುಂದಿನ ವಾರದ ಆರ್ಡರಿಗೆಂದು ತಂದಿಟ್ಟದ್ದು. ಪುಡಿಯೂ ಮರಳಿನ ಹಾಗೆಯೇ ಅಲ್ಲವೇ ಎಂದು ಒಂದು ಚೀಲ ಹರಿದು ಚಕ್ರದ ಮುಂದೆ ಸುರಿದೆ. ಹೆಂಡತಿ "ರೀ, ಬೇಡ" ಅಂದದ್ದು ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

ಕರಗಿದ ಹಿಮದ ನೀರು, ಉಜ್ಜಿ ಉಜ್ಜಿ ಬಿಸಿಯಾದ ಟೈರು, ಮೇಲಿಂದ ರಾಗಿ ಹಿಟ್ಟು, ತಿರುವಲು 420 ಪೌಂಡ್-ಅಡಿ ಟಾರ್ಕು. ಮಂಡ್ಯದ ಯಾವ ಗೃಹಿಣಿಯೂ ಇಷ್ಟು ಬೇಗ ಮುದ್ದೆ ತೊಳಸಿರಲಾರಳು. ಗಂಟೂ ಇರಲಿಲ್ಲ. ಟೈರು ಅದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯತೊಡಗಿತು. ಮೊದಲ ಉಂಡೆ ಗೌಡರ ಶಾಲಿಗೆ ಬಿತ್ತು. ಅವರು ಮುಟ್ಟಿ ನೋಡಿ, "ಹದ ಸರಿಯಾಗಿದೆ," ಅಂದರು.

ಎಲ್ಲರೂ ದೂರ ಸರಿದು ನಿಂತಾಗ ಅಯ್ಯಂಗಾರ್ಯರು ಹಿಂದಿನ ಬಾಗಿಲು ತೆರೆದು ಒಳಗೆ ಇಣುಕಿದರು. "ನಾನು ಅವತ್ತೇ ಕೇಳಿದ್ದೆ," ಅಂದರು. "ಹೊರೆ ಎಲ್ಲಿ?" ಆಮೇಲೆ ಪಂಚೆ ಎತ್ತಿಕೊಂಡು ತಾವೇ ಹತ್ತಿ, ಸರಿಯಾಗಿ ಹಿಂದಿನ ಆಕ್ಸಲಿನ ಮೇಲೆ ಒಂದು ಮಗುಚಿದ ಪಾತ್ರೆ ನೋಡಿ ಕೂತರು. ಉಳಿದವರನ್ನೂ ಕರೆದರು. ಶೆಟ್ಟರು, ರಾಯರು, ಗೌಡರು, ಹಿಡಿಕೆಯವರು, ಖಜಾಂಚಿ, ಮೃದಂಗದವರು ಎಲ್ಲ ಹತ್ತಿದರು. ಎಲ್ಲರದೂ ಹೊಟ್ಟೆ ತುಂಬಾ ಊಟವಾಗಿತ್ತು, ತಾಂತ್ರಿಕವಾಗಿ ನಾನು ಇಳಿಸಿದ ಹೊರೆಯೇ ವಾಪಸು ಬಂದಂತಾಯಿತು. ಆಕ್ಸಿಲರೇಟರನ್ನು ಹೆಬ್ಬೆರಳಿನಿಂದ ಮುಟ್ಟಿದೆನಷ್ಟೆ, ವ್ಯಾನು ಏನೂ ಆಗಿಲ್ಲವೆಂಬಂತೆ ಎದ್ದು ಬಂತು.

ಬಂದದ್ದೇನೋ ಬಂತು, ನಿಲ್ಲಿಸಲು ನನಗೆ ಧೈರ್ಯವಿಲ್ಲ. ನಿಂತರೆ ಮತ್ತೆ ಹೂತುಕೊಂಡರೆ? ಪಾರ್ಕಿಂಗ್ ಜಾಗಕ್ಕೆ ಸುತ್ತು ಹಾಕತೊಡಗಿದೆ. ಹಿಂದೆ ಪಾತ್ರೆಗಳು ಉರುಳುತ್ತಿದ್ದವು, ಪಾತ್ರೆಗಳ ಜೊತೆ ಮಂಡಳಿಯೂ. 4.6 ಪಕ್ಷದವರು 5.4 ಪಕ್ಷದವರ ತೊಡೆಯ ಮೇಲಿದ್ದರು. "ಎಲ್ಲಿಗೋ ಕರ್ಕೊಂಡು ಹೋಗ್ತಿದೀಯಾ!" ಅಂತ ರಾಯರು, "ಸರಿಯಾದ ಜಾಗ ಬಿಟ್ಟು ಅಲುಗಬೇಡಿ!" ಅಂತ ಅಯ್ಯಂಗಾರ್ಯರು. ಮೆಟ್ಟಿಲ ಮೇಲೆ ನಿಂತ ಒಬ್ಬ ಅಜ್ಜಿ ಪ್ರತಿ ಸುತ್ತಿಗೂ ಕೈಮುಗಿಯುತ್ತಿದ್ದರು, ದೇವಸ್ಥಾನದವರದೇ ಏನೋ ಉತ್ಸವ ಎಂದು ತಿಳಿದು.

ಆ ರಾತ್ರಿ ಹೆಂಡತಿ ಬಚ್ಚಲಮನೆಯ ತೂಕದ ಯಂತ್ರ ತಂದು ಪಾತ್ರೆ, ಒಲೆ, ಇನ್ನೂರು ಜನರ ಊಟದ ಅಂದಾಜು ಎಲ್ಲ ಕೂಡಿಸಿದಳು. ಎಂಟುನೂರು ಪೌಂಡು ದಾಟಲಿಲ್ಲ. "ನನ್ನ ಮಿನಿವ್ಯಾನು ಹೊರುತ್ತೆ. ಎಂಜಿನ್ನೂ ಮುಂದೆ, ಎಳೆಯೋ ಚಕ್ರಾನೂ ಮುಂದೆ. ಟ್ರೇಗೆ ಬೆಲ್ಟು ಹಾಕಿ ಸಾಕು," ಅಂದಳು. ಆ ದಾರಿ ಬಿಟ್ಟರೆ ಬೇರೆ ಇರಲಿಲ್ಲ.

ವಸಂತಕ್ಕೆ ವ್ಯಾನು ಮಾರಾಟಕ್ಕಿಟ್ಟೆ. ಕಲ್ಲುಕೆಲಸದ ಒಬ್ಬ ಅಮೆರಿಕನ್ ಮುದುಕ ಬಂದ. ಎಂಜಿನ್ ಎಷ್ಟು ಲೀಟರು, ಎಷ್ಟು ಕುದುರೆ ಎಂಬ ನನ್ನ ಪ್ರವಚನ ಸಿದ್ಧವಾಗಿತ್ತು, ಅವನು ಕೇಳಲಿಲ್ಲ. "ಆಕ್ಸಲ್ ಎಷ್ಟು?" ಅಂದ. ನಾನು ಕೆಮ್ಮಿದೆ. ಅವನು ಡ್ರೈವರ್ ಕಡೆಯ ಬಾಗಿಲು ತೆಗೆದು, ಅಷ್ಟು ದಿನ ನಾನು ಮೊಣಕೈ ಊರಿ ನಿಲ್ಲುತ್ತಿದ್ದ ಚೀಟಿಯ ಮೇಲೆ ಬೆರಳಿಟ್ಟು ಸಂಕೇತ ಓದಿದ. "ಫೋರ್ ಟೆನ್. ನನ್ನ ಟ್ರೇಲರಿಗೆ ಸರಿಯಾಯ್ತು." ಒಳಗೆ ಮೂಗು ಹಾಕಿ ಎಂಥದೋ ವಾಸನೆ ಎಂದ. ಇಂಗು ಎಂದರೆ ಅರ್ಥವಾಗಲಿಲ್ಲ, ಐವತ್ತು ಡಾಲರು ಇಳಿಸಿದ.

ಕೊನೆಗೆ ಕೆಳಗೆ ಬಗ್ಗಿ ಟಾರ್ಚು ಬಿಟ್ಟ. ಮಿಷಿಗನ್ನಿನಲ್ಲಿ ರಸ್ತೆಗೆ ಹಾಕುವ ಉಪ್ಪಿಗೆ ಗಾಡಿಗಳ ಅಡಿ ತುಕ್ಕು ಹಿಡಿದು ಉದುರುತ್ತದೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಹಿಂದಿನ ಚಕ್ರದ ಕಮಾನಿನ ಒಳಗೆ ಬೆರಳು ದಪ್ಪ ಕಂದು ಬಣ್ಣದ ಪದಾರ್ಥವೊಂದು ಕಲ್ಲಿನಂತೆ ಗಟ್ಟಿಯಾಗಿ ಹರಡಿಕೊಂಡಿತ್ತು. ಉಗುರಿನಿಂದ ಕೆರೆದ, ಕೀಲಿಯಿಂದ ಕೆರೆದ, ಬರಲಿಲ್ಲ.

"ತುಕ್ಕಿಗೆ ಲೇಪ ಮಾಡಿಸಿದ್ದೀರಿ," ಅಂದ ಮೆಚ್ಚಿ. "ಯಾವ ಕಂಪನಿಯದು?"

"ಮನೆಯದೇ," ಅಂದೆ.

ಅದಕ್ಕೆ ನೂರು ಡಾಲರು ಹೆಚ್ಚೇ ಕೊಟ್ಟ.